ಕೈಮರದ ಏರಿನಲ್ಲಿ ಉಸಿರು ಕಟ್ಟಿದ ಕಾರು

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ ಕೈಮರದ ಚೆಕ್‌ಪೋಸ್ಟ್ ದಾಟಿ ಇನ್ನೂ ಮೂರು ತಿರುವು ಆಗಿರಲಿಲ್ಲ, ಕಾರು ಏದುಸಿರು ಬಿಡೋಕೆ ಶುರು ಮಾಡಿತು. ಎರಡನೇ ಗೇರಿನಲ್ಲಿದ್ದೆ. ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೆ. ಗಾಡಿ ಮುಂದೆ ಹೋಗಿದ್ದಕ್ಕಿಂತ ಹೊಗೆ ಹಿಂದೆ ಹೋಗಿದ್ದೇ ಜಾಸ್ತಿ. ಬೆನ್ನಿಗೇ ಒಂದು ಟಿಟಿ, ಅದರ ಹಿಂದೆ ಬೆಂಗಳೂರು ಗಾಡಿಗಳ ಸಾಲು. ಎಲ್ಲರೂ ಹಾರ್ನ್ ಮೇಲಿಟ್ಟ ಕೈ ತೆಗೆದಿರಲಿಲ್ಲ. ಕಾರಿನೊಳಗೆ ನಾನು, ಅಪ್ಪ, ಮೈಸೂರಿನಿಂದ ಬಂದಿದ್ದ ಚಿಕ್ಕಮ್ಮ, ಅವಳ ಇಬ್ಬರು ಮೊಮ್ಮಕ್ಕಳು. ಚಿಕ್ಕವನು ಹಿಂದಿನ ಗಾಜಿಗೆ ಮೂಗು ಒತ್ತಿಕೊಂಡು, "ಅತ್ತೆ, ಹಿಂದೆ ರಸ್ತೆನೇ ಕಾಣ್ತಿಲ್ಲ" ಅಂತ ಖುಷಿಯಿಂದ ವರದಿ ಕೊಡುತ್ತಿದ್ದ.

ಸೀತಾಳಯ್ಯನಗಿರಿ ತನಕ ಹೋಗುವ ಧೈರ್ಯ ಬರಲಿಲ್ಲ. ಜಾಗ ಸಿಕ್ಕ ಕಡೆ ತಿರುಗಿಸಿಕೊಂಡು ಇಳಿದೆವು. "ದೇವರು ಕರೆಸ್ಕೊಳ್ಳಲಿಲ್ಲ, ಬಿಡು" ಅಂದಳು ಚಿಕ್ಕಮ್ಮ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ. ಅಷ್ಟು ಮೇಲೆ ಗಾಳಿ ಸಮುದ್ರದ ಮಟ್ಟಕ್ಕಿಂತ ಸುಮಾರು ಐದರಲ್ಲೊಂದು ಪಾಲು ತೆಳು. ಅದಕ್ಕೇ ಎಂಜಿನ್‌ಗೆ ಉಸಿರು ಸಾಲಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ನನ್ನ ಕಾರಿಗಿಂತ ಹಳೆಯ ಜೀಪುಗಳು ಪಕ್ಕದಲ್ಲೇ ಗುಡುಗುತ್ತಾ ಹತ್ತಿಕೊಂಡು ಹೋಗುತ್ತಿದ್ದವು. ಅವಕ್ಕೂ ಅದೇ ಗಾಳಿ ತಾನೇ?

ಅಪ್ಪ ಮಾತ್ರ ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಆಲ್ದೂರು ಕಡೆಯ ಒಂದು ಎಸ್ಟೇಟಿನಲ್ಲಿ 31 ವರ್ಷ ಜೀಪು ಓಡಿಸಿದವರು. ಅವರು ಸುಮ್ಮನಿದ್ದರೆ ನನಗೆ ಬೈದ ಹಾಗೇ ಕೇಳಿಸುತ್ತದೆ.

ನಿಜ ಹೇಳಬೇಕು ಅಂದರೆ ಕಾರು ಎರಡು ತಿಂಗಳಿಂದ ಹೇಳುತ್ತಲೇ ಇತ್ತು. ದೀಪಾವಳಿ ಹೊತ್ತಿಗೆ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತ್ತು. ಒಂದು ವಾರ ಹತ್ತಿ ತಾನಾಗೇ ಆರಿತು, ಮತ್ತೆ ಹತ್ತಿತು. ಹನುಮಂತಪ್ಪ ಸರ್ಕಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಚಳಿ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ನಾನು ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುವವಳು. ಡೀಸೆಲ್ ಹಾಕಿಸಿದ್ದಕ್ಕೂ ಒಂದು ಪುಸ್ತಕ ಇಟ್ಟಿದ್ದೇನೆ. ಲೀಟರಿಗೆ 19ರ ಮೇಲಿದ್ದ ಮೈಲೇಜು 16ರ ಕೆಳಗೆ ಇಳಿದದ್ದು ಅದರಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿತ್ತು. ಬರೆದಿದ್ದೆ, ಓದಿರಲಿಲ್ಲ.

ಗಾಡಿಯ ಬಗ್ಗೆ ಎರಡು ಮಾತು. 2018ರ ಮಾಡೆಲ್, ಬಿಎಸ್ 4 (ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನುವ ಸರ್ಕಾರಿ ಮಾನದಂಡ) ಡೀಸೆಲ್, ಸಣ್ಣ ಎಂಜಿನ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಕಂಪನಿ ಹೆಸರು ಬೇಡ, ಯಾಕೆಂದರೆ ಈ ತೊಂದರೆ ಎಲ್ಲ ಕಂಪನಿಯ ಡೀಸೆಲ್ ಕಾರಿಗೂ ಬರುತ್ತದೆ. ಅದರಲ್ಲೂ ನಾನು ಓಡಿಸುವ ಹಾಗೆ ಓಡಿಸಿದರೆ ಬಂದೇ ಬರುತ್ತದೆ.

ಆನ್‌ಲೈನ್‌ನಲ್ಲಿ ಏಳುನೂರು ರೂಪಾಯಿ ಕೊಟ್ಟು ಒಂದು ಓಬಿಡಿ ಡಬ್ಬಿ, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಾಧನ, ತರಿಸಿದ್ದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟೀರಿಂಗ್ ಕೆಳಗೆ ಮೊಣಕಾಲಿನ ಹತ್ತಿರ ಇರುವ ಸಾಕೆಟ್‌ಗೆ ಚುಚ್ಚಿದರೆ ಬ್ಲೂಟೂತ್‌ನಲ್ಲಿ ಫೋನಿಗೆ ಮಾತಾಡುತ್ತದೆ. ಗಿರಿಯಿಂದ ಬಂದ ಸಂಜೆ ಚುಚ್ಚಿದೆ. ಪಿ 0402 ಅಂತ ಬಂತು. ಇಜಿಆರ್, ಅಂದರೆ ಎಂಜಿನ್‌ಗೆ ವಾಪಸ್ ಕಳಿಸುವ ಹೊಗೆಯ ಹರಿವು, ಬೇಕಾದ್ದಕ್ಕಿಂತ ಹೆಚ್ಚು ಅಂತ ಅದರ ಅರ್ಥ. ಹರಿವು ಕಡಿಮೆ ಇದ್ದರೆ ಪಿ 0401 ಬರುತ್ತದೆ.

ಮಾರನೇ ದಿನ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಹುಡುಗ ತನ್ನ ಮೆಷಿನ್ನು ಹಾಕಿ ಅದೇ ಕೋಡ್ ಓದಿ, ಒಂದು ಹಾಳೆ ಪ್ರಿಂಟ್ ತೆಗೆದು ಕೊಟ್ಟ. ಹೊಸ ಇಜಿಆರ್ ವಾಲ್ವ್, ಕೂಲಿ, ತೆರಿಗೆ ಎಲ್ಲ ಸೇರಿ 17 ಸಾವಿರದ ಚಿಲ್ಲರೆ.

"ಬಿಚ್ಚಿ ನೋಡಿದ್ರಾ?"

"ಇಲ್ಲ ಮೇಡಂ. ಕೋಡ್ ಬಂದಿದೆಯಲ್ಲ."

ಇದು ನನಗೆ ಸರಿ ಕಾಣಲಿಲ್ಲ. ಹರಿವು ಸರಿಯಿಲ್ಲ ಅಂತ ಕೋಡ್ ಹೇಳುತ್ತದೆ. ವಾಲ್ವ್ ಸತ್ತಿದೆ ಅಂತ ಹೇಳುವುದಿಲ್ಲ. ಮಸಿ ಕಟ್ಟಿ ಮುಚ್ಚಿಕೊಳ್ಳಲು ಆಗದಿದ್ದರೂ ಅದೇ ಕೋಡ್, ಒಳಗಿನ ಮೋಟಾರ್ ಕೆಟ್ಟರೂ ಒಮ್ಮೊಮ್ಮೆ ಅದೇ ಕೋಡ್. ಟ್ಯಾಲಿ ಆಗದ ಲೆಕ್ಕಕ್ಕೆ ಪುಸ್ತಕವನ್ನೇ ಹೊಸದು ತನ್ನಿ ಅಂದ ಹಾಗಾಯಿತು. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದೆ.

ಈ ವಾಲ್ವ್ ಮಾಡುವ ಕೆಲಸ ಏನು ಅಂತ ಅಮ್ಮನಿಗೆ ಹೇಳಿಕೊಟ್ಟ ಹಾಗೇ ಇಲ್ಲೂ ಹೇಳುತ್ತೇನೆ. ನಮ್ಮೂರ ಚಳಿಗೆ ಕಂಬಳಿ ಮುಸುಕು ಎಳೆದುಕೊಂಡು ಮಲಗುತ್ತೀವಲ್ಲ, ಆಗ ನಾವು ಬಿಟ್ಟ ಉಸಿರನ್ನೇ ಒಂದಿಷ್ಟು ನಾವೇ ಮತ್ತೆ ಎಳೆದುಕೊಳ್ಳುತ್ತೀವಿ. ಡೀಸೆಲ್ ಎಂಜಿನ್‌ಗೂ ಹಾಗೇ ಒಂದು ಕಂಬಳಿ ಹೊದಿಸಿದ್ದಾರೆ. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ, ಹೊಸ ಗಾಳಿಯ ಜೊತೆ ಮತ್ತೆ ಎಂಜಿನ್ ಒಳಗೆ ಕಳಿಸುತ್ತಾರೆ. ಹಾಗೆ ಕಳಿಸುವ ಬಾಗಿಲೇ ಇಜಿಆರ್ ವಾಲ್ವ್. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡು ಮತ್ತು ನೀರಾವಿ ಜಾಸ್ತಿ. ಇವು ಶಾಖ ಕುಡಿಯುತ್ತವೆ, ಸಿಲಿಂಡರ್ ಒಳಗಿನ ಬೆಂಕಿ ತೀರಾ ಕಾಯುವುದಿಲ್ಲ. ಬೆಂಕಿ ಅತಿಯಾಗಿ ಕಾದರೆ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಉಬ್ಬಸ ಇರುವವರಿಗೆ ಅದು ಕೆಟ್ಟದ್ದು. ಅಮ್ಮನಿಗೆ ಉಬ್ಬಸ ಇದೆ. "ಹಾಗಾದ್ರೆ ಒಳ್ಳೇ ವಸ್ತುನೇ" ಅಂದಳು.

ಒಳ್ಳೆಯದೇ. ಆದರೆ ಗುಡ್ಡ ಹತ್ತುವಾಗ ಯಾರಾದರೂ ಕಂಬಳಿ ಮುಸುಕು ಹಾಕಿಕೊಳ್ಳುತ್ತಾರಾ? ಎಂಜಿನ್‌ಗೂ ಅಷ್ಟೆ. ನಿಧಾನ ಹೋಗುವಾಗ, ಭಾರ ಇಲ್ಲದಾಗ ವಾಲ್ವ್ ತೆಗೆದಿರುತ್ತದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದ ತಕ್ಷಣ ಮುಚ್ಚಬೇಕು. ನನ್ನದು ಮುಚ್ಚುತ್ತಿರಲಿಲ್ಲ. ಐದು ಜನ, ಎರಡನೇ ಗೇರು, ಗಿರಿಯ ಏರು, ಮುಖದ ಮೇಲೆ ಕಂಬಳಿ. ಡೀಸೆಲ್ ಬೀಳುತ್ತಿದೆ, ಸುಡುವಷ್ಟು ಗಾಳಿ ಇಲ್ಲ. ಪೂರ್ತಿ ಸುಡದ ಡೀಸೆಲ್ಲೇ ಹಿಂದಿನ ಸೀಟಿನ ಹುಡುಗನಿಗೆ ಕಂಡ ಕಪ್ಪು ಹೊಗೆ.

ಕ್ಯೂರಿಂಗ್‌ಗೆ ಕಾಫಿ ತರುವ ಪಿಕಪ್ ಡ್ರೈವರುಗಳು ಒಂದು ಗ್ಯಾರೇಜ್ ಹೇಳಿದರು. ಅಲ್ಲಿನ ಭಾಯ್ ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ಅರ್ಧ ನಿಮಿಷ ಕೇಳಿಸಿಕೊಂಡು, "ಮಸಿ ಅಕ್ಕ" ಅಂದರು. ಆಮೇಲೆ ಒಂದು ತಗಡಿನ ಚೂರು ತೋರಿಸಿದರು. ಪೈಪಿನ ಬಾಯಿಯ ಆಕಾರಕ್ಕೆ ಕತ್ತರಿಸಿದ ಪ್ಲೇಟು. ಅದನ್ನು ವಾಲ್ವ್‌ಗೂ ಪೈಪಿಗೂ ಮಧ್ಯೆ ಇಟ್ಟು ಬಿಗಿದರೆ ಹೊಗೆ ವಾಪಸ್ ಬರೋದೇ ಇಲ್ಲ.

"ಮುನ್ನೂರು ರೂಪಾಯಿ ಕೊಡಿ ಸಾಕು. ಸುಮಾರು ಗಾಡಿ ಹೀಗೇ ಓಡ್ತಿದಾವೆ."

ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. 17 ಸಾವಿರ ಎಲ್ಲಿ, ಮುನ್ನೂರು ಎಲ್ಲಿ. ಎಮಿಷನ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುವ ಭಯವೂ ಇಲ್ಲ. ಡೀಸೆಲ್ ಗಾಡಿಗೆ ಅಲ್ಲಿ ಎಂಜಿನ್ ರೇಸ್ ಮಾಡಿಸಿ ಹೊಗೆ ಎಷ್ಟು ದಟ್ಟ ಅಂತ ಮಾತ್ರ ನೋಡುತ್ತಾರೆ. ಬಿಎಸ್ 4 ಗಾಡಿಗೆ ಆ ದಟ್ಟತೆಯ ಅಳತೆ 1.62 ದಾಟಬಾರದು. ಪ್ಲೇಟ್ ಹೊಡೆದರೆ ಕಪ್ಪು ಹೊಗೆ ಕಡಿಮೆಯೇ ಆಗುತ್ತದೆ, ಸರ್ಟಿಫಿಕೇಟ್ ಇನ್ನೂ ಚೆನ್ನಾಗಿ ಬರುತ್ತದೆ! ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡನ್ನು ಆ ಟೆಸ್ಟ್ ಕೇಳುವುದೇ ಇಲ್ಲ. ಆದರೆ ಕಾರಿನ ಕಂಪ್ಯೂಟರ್ ಕೇಳುತ್ತದೆ. ತೆಗೆ ಅಂದರೂ ಹೊಗೆ ಬರಲಿಲ್ಲ ಅಂತ ಪಿ 0401 ಹಾಕಿ ಮತ್ತೆ ಹಳದಿ ದೀಪ ಹತ್ತಿಸುತ್ತದೆ. ಅದನ್ನು ಆರಿಸೋಕೆ ಸಾಫ್ಟ್‌ವೇರ್ ಬದಲಾಯಿಸಬೇಕು, ಅದಕ್ಕೆ ಬೇರೆ ದುಡ್ಡು. ಕಂಪನಿ ಮಾಡಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಮಾರ್ಪಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೂ ವಿರುದ್ಧ. ಕಾಯ್ದೆ ಪಾಡಿಗೆ ಕಾಯ್ದೆ ಇರಲಿ, ನನ್ನ ಕಾರು ದಿನಾ ಬೆಳಗ್ಗೆ ಸ್ಟಾರ್ಟ್ ಆಗಿ ನಿಲ್ಲುವುದು ಅಮ್ಮನ ರೂಮಿನ ಕಿಟಕಿ ಪಕ್ಕದಲ್ಲಿ.

ಪ್ಲೇಟ್ ಬೇಡ, ಕ್ಲೀನ್ ಮಾಡಿಕೊಡಿ ಅಂದೆ. ಭಾಯ್ ಕೈಯಲ್ಲಿ ಪುರುಸೊತ್ತಿರಲಿಲ್ಲ. ಕಾಫಿ ಕುಯ್ಲಿನ ಸಮಯ, ಶೆಡ್ಡಿನ ತುಂಬ ತೋಟದ ಜೀಪು, ಪಿಕಪ್ಪು. "ಮೂರು ಬೋಲ್ಟು ಅಷ್ಟೆ ಅಕ್ಕ. ಯಜಮಾನ್ರು ಇದ್ದಾರಲ್ಲ ಮನೇಲಿ" ಅಂತ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪನ ಕಡೆ ನೋಡಿದರು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ಎರಡು ವರ್ಷದಿಂದ ಯಾರೂ ಅವರನ್ನು ಗಾಡಿ ಕೆಲಸಕ್ಕೆ ಕರೆದಿರಲಿಲ್ಲ.

ಭಾನುವಾರ ಬೆಳಗ್ಗೆ ಎಂಟಕ್ಕೆ ಶುರು ಮಾಡಿದೆವು. ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಿತ್ತು. ಸಾಮಾನು ಹೀಗಿತ್ತು: ಅಪ್ಪನ ಹಳೇ ಸ್ಪ್ಯಾನರ್ ಚೀಲ, ಎರಡು ಡಬ್ಬಿ ಕಾರ್ಬ್ ಕ್ಲೀನರ್, ತುಕ್ಕು ಬಿಡಿಸುವ ಸ್ಪ್ರೇ, ಹೊಸ ಪ್ಯಾಕಿಂಗ್ (ಜೋಡಣೆಯ ಮಧ್ಯೆ ಸೋರದ ಹಾಗೆ ಇಡುವ ಪದರ) ಎರಡು, ಹಳೇ ಟೂತ್‌ಬ್ರಷ್, ಹರಿದ ಪಂಚೆ. ಪ್ಯಾಕಿಂಗ್ ಮೊದಲೇ ತಂದಿಟ್ಟುಕೊಳ್ಳಿ. ಹಳೆಯದನ್ನೇ ಹಾಕಿದರೆ ಸೋರುತ್ತದೆ, ಭಾನುವಾರ ಬಿಚ್ಚಿಟ್ಟುಕೊಂಡು ಕೂತರೆ ಅಂಗಡಿ ತೆಗೆದಿರುವುದಿಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಆಮೇಲೆ ಏರ್ ಫಿಲ್ಟರಿನಿಂದ ಬರುವ ಪೈಪು, ಆಮೇಲೆ ವಾಲ್ವಿಗೆ ವೈರ್ ಸಿಕ್ಕಿಸಿರುವ ಕಪ್ಲರ್. ಈ ಕಪ್ಲರಿನ ಪ್ಲಾಸ್ಟಿಕ್ ನಾಲಿಗೆ ಏಳು ವರ್ಷದ ಬಿಸಿಗೆ ಬಿಸ್ಕತ್ತಿನ ಹಾಗೆ ಆಗಿರುತ್ತದೆ. ಉಗುರಿನಲ್ಲಿ ಒತ್ತಿ ಹಿಡಿದು ಮೆಲ್ಲಗೆ ಎಳೆಯಬೇಕು, ವೈರ್ ಹಿಡಿದು ಎಳೆದರೆ ಕೈಗೇ ಬರುತ್ತದೆ. ಪ್ರತಿ ಸಾಮಾನು ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದೆ. ಅಪ್ಪನಿಗೆ ಅದು ತಮಾಷೆ. "ಮದುವೆ ಮನೆ ಮಾಡಿದ್ದೀಯಲ್ಲೇ" ಅಂದರು.

ಮೂರು ಬೋಲ್ಟಿನಲ್ಲಿ ಎರಡು ಬಂದವು. ಮೂರನೆಯದು ಅಲ್ಲಾಡಲಿಲ್ಲ. ನಾನು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತೂಗಬೇಕು ಅಂತಿದ್ದೆ. "ತಡಿ ಪುಟ್ಟಿ, ಬೋಲ್ಟಿನ ತಲೆ ಮುರಿದ್ರೆ ಎಂಜಿನ್ ಹೆಡ್ಡೇ ಬಿಚ್ಚಬೇಕಾಗುತ್ತೆ" ಅಂತ ಅಪ್ಪ ಎದ್ದು ಬಂದರು. ಸ್ಪ್ರೇ ಹೊಡೆದು ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟರು. ಆಮೇಲೆ ಬೋಲ್ಟಿನ ತಲೆ ಮೇಲೆ ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಐದಾರು ಏಟು. ತೆಂಗಿನಕಾಯಿ ಬಲಿತಿದೆಯಾ ಅಂತ ನೋಡುವಾಗ ಹೊಡೆಯುತ್ತಾರಲ್ಲ, ಅಷ್ಟೇ ಜೋರು. ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಲಿಲ್ಲ, ಇನ್ನೂ ಬಿಗಿ ಮಾಡುವ ಕಡೆಗೆ ಒಂದು ಕೂದಲೆಳೆ ತಿರುಗಿಸಿದರು. 'ಕಿರ್' ಅಂತ ಸದ್ದು ಬಂತು. ತುಕ್ಕಿನ ಪಟ್ಟು ಒಡೆದದ್ದು. ಅಲ್ಲಿಂದ ಉಲ್ಟಾ ತಿರುಗಿಸಿದರೆ ಬೆಣ್ಣೆ ಹಾಗೆ ಬಂತು.

ವಾಲ್ವ್ ಕೈಗೆ ಬಂದಾಗ ನಾನು ನಿಜಕ್ಕೂ ಬೆಚ್ಚಿದೆ. ಹೆಬ್ಬೆರಳು ಸಲೀಸಾಗಿ ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ಹೋಗುವಷ್ಟು ಮಾತ್ರ ಜಾಗ ಇತ್ತು. ಹೊಗೆ ಬರುವ ಕಡೆ ಒಣಗಿದ, ಗಟ್ಟಿ ಇದ್ದಿಲು. ಗಾಳಿಯ ಕಡೆ ಬೇರೆಯದೇ ವಸ್ತು: ಒದ್ದೆ, ಹೊಳಪು, ಬೆರಳಿಗೆ ಅಂಟಿಕೊಂಡು ನೂಲು ಬಿಡುವ ಕಪ್ಪು. ಜೋನಿಬೆಲ್ಲದ ಡಬ್ಬಿಯ ತಳಕ್ಕೆ ಯಾರೋ ಕಾಡಿಗೆ ಕಲಸಿದ ಹಾಗೆ. ಮಸಿ ಒಂದೇ ಆಗಿದ್ದರೆ ಇಷ್ಟು ಅಂಟುತ್ತಿರಲಿಲ್ಲ. ಎಂಜಿನ್ ಕೆಳಗಿನಿಂದ ಎದ್ದ ಆಯಿಲ್ ಆವಿಯನ್ನೂ ಹೊರಗೆ ಬಿಡಬಾರದು ಅಂತ ಇದೇ ಗಾಳಿ ದಾರಿಗೆ ಸೇರಿಸಿರುತ್ತಾರೆ. ಆಯಿಲ್ ಗೋಡೆಗೆ ಸವರುತ್ತದೆ, ಮಸಿ ಬಂದು ಅದರ ಮೇಲೆ ಕೂರುತ್ತದೆ. ಒಲೆ ಮೇಲಿನ ಅಟ್ಟದಲ್ಲಿ ಜಿಡ್ಡು, ಮಸಿ ಸೇರಿ ಜೋತು ಬೀಳುತ್ತಿತ್ತಲ್ಲ, ಹಾಗೆ.

ವಾಲ್ವಿನ ಮುಚ್ಚಳ ಕೂರುವ ಜಾಗದಲ್ಲಿ ಒಂದು ಇದ್ದಿಲಿನ ಚೂರು ಸಿಕ್ಕಿಕೊಂಡಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ನಮ್ಮನ್ನು ಗಿರಿಯಿಂದ ವಾಪಸ್ ಕಳಿಸಿದ್ದು ಅದೇ.

ಅದನ್ನು ತೆಗೆಯೋಕೆ ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಅಪ್ಪ ಕೈ ತಡೆದು, ಹಿತ್ತಲಿನಿಂದ ಬಿದಿರಿನ ಚಕ್ಕೆ ಸೀಳಿ ತಂದರು. ಮುಚ್ಚಳ ಕೂರುವ ಅಂಚಿಗೆ ಗೀರು ಬಿದ್ದರೆ ಆಮೇಲೆ ಎಷ್ಟು ಕ್ಲೀನ್ ಮಾಡಿದರೂ ಹೊಗೆ ಸೋರುತ್ತದೆ. ಇಜಿಆರ್ ಅನ್ನೋ ಹೆಸರನ್ನೇ ಅಪ್ಪ ಆ ವಾರ ಮೊದಲ ಸಲ ಕೇಳಿದ್ದು. ಅವರ ಜೀಪಿಗೆ ಇಂಥದ್ದು ಇರಲಿಲ್ಲ. ಆದರೂ ವಾಲ್ವ್ ಯಾವುದಾದರೂ ಅದರ ಅಂಚು ಅಂಚೇ, ಅನ್ನುವುದು ಅವರ ಕೈಗೆ ಗೊತ್ತಿತ್ತು.

ಇಲ್ಲಿ ನಾನು ಓದಿಕೊಂಡದ್ದೂ ಸ್ವಲ್ಪ ಉಪಯೋಗಕ್ಕೆ ಬಂತು. ಈ ವಾಲ್ವಿನ ಒಂದು ಭಾಗ ಬರೀ ಲೋಹ, ಇನ್ನೊಂದು ಭಾಗದಲ್ಲಿ ಸಣ್ಣ ಮೋಟಾರು, ಪ್ಲಾಸ್ಟಿಕ್ ಗೇರು, ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರು. ಪೂರ್ತಿ ಪೆಟ್ರೋಲಿನಲ್ಲಿ ಮುಳುಗಿಸಿಡುವವರು ಇದ್ದಾರೆ. ದಯವಿಟ್ಟು ಬೇಡ. ಮೋಟಾರಿನ ಭಾಗ ಮೇಲೆ, ಮಸಿಯ ಬಾಯಿ ಕೆಳಗೆ ಬರುವ ಹಾಗೆ ಹಿಡಿದು ಸ್ಪ್ರೇ ಹೊಡೆಯಬೇಕು. ಹೊಡೆದು ಐದು ನಿಮಿಷ ಬಿಟ್ಟು, ಬಿದಿರು ಚಕ್ಕೆಯಲ್ಲಿ ಕೆರೆದು, ಬ್ರಷ್‌ನಲ್ಲಿ ಉಜ್ಜಿ, ಮತ್ತೆ ಹೊಡೆಯಬೇಕು. ಮುಚ್ಚಳವನ್ನು ಬೆರಳಿನಲ್ಲಿ ಬಲವಾಗಿ ಒತ್ತಿ ಆಡಿಸಬಾರದು, ಒಳಗಿನ ಗೇರಿನ ಹಲ್ಲು ಹೋಗುತ್ತದೆ. ಕನ್ನಡಕ ಹಾಕಿಕೊಳ್ಳಿ. ಒಂದು ಹನಿ ಹಾರಿ ನನ್ನ ಹುಬ್ಬಿಗೆ ಬಿತ್ತು, ಉರಿ ಅರ್ಧ ಗಂಟೆ ಇತ್ತು. ಸುತ್ತಮುತ್ತ ಬೆಂಕಿ ಇರಬಾರದು ಅಂತ ಬೇರೆ ಹೇಳಬೇಕಾಗಿಲ್ಲ. ನಮ್ಮನೆಯಲ್ಲಿ ಹೇಳಬೇಕಾಯಿತು, ಬಚ್ಚಲ ಒಲೆ ಹತ್ತೇ ಅಡಿ ದೂರದಲ್ಲಿ ಉರಿಯುತ್ತಿತ್ತು. ಅಮ್ಮ ಗೊಣಗಿಕೊಂಡು ಆರಿಸಿದಳು.

ಎಂಜಿನ್ ಕಡೆ ಇರುವ ಬಾಯಿಯಲ್ಲೂ ಅದೇ ಪಾಕ. ಅಲ್ಲಿ ಇನ್ನೂ ಹುಷಾರಾಗಿರಬೇಕು. ಕೆರೆದ ಗಟ್ಟಿ ಚೂರು ಒಳಗೆ ಬಿದ್ದರೆ ನೇರ ಸಿಲಿಂಡರಿಗೆ ಹೋಗುತ್ತದೆ. ಪಂಚೆ ತುಂಡನ್ನು ಒಳಗೆ ತುರುಕಿ, ಕೈಗೆ ಸಿಗುವಷ್ಟು ಮಾತ್ರ ಕೆರೆದು, ಪುಡಿಯನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಸಿದೆ. ಅಲ್ಲಿ ಸ್ಪ್ರೇ ಹೊಡೆಯಲಿಲ್ಲ. ಸ್ಪ್ರೇ ಹೊಡೆದ ಜಾಗಕ್ಕೆ ವ್ಯಾಕ್ಯೂಮ್ ಹಿಡಿಯುವುದು ಬೆಂಕಿಯನ್ನೇ ಕರೆದ ಹಾಗೆ. ಇನ್ನೂ ಒಳಗಿನ ಮಸಿ ಒಳಗೇ ಇದೆ. ಅದನ್ನು ತೆಗೆಯಬೇಕು ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡೇ ಬಿಚ್ಚಬೇಕು. ಅದು ನಮ್ಮ ಅಂಗಳದ ಕೆಲಸ ಅಲ್ಲ.

ಬಿಚ್ಚಿದ ಮಸಿಯನ್ನೆಲ್ಲ ಪೇಪರಿಗೆ ಸುರಿದು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ಸ್ಯಾಂಪಲ್ ತೂಗುವ ಕಡೆ ಕೆಲಸ ಮಾಡಿ ಮಾಡಿ ಬಂದ ಚಟ. 58 ಗ್ರಾಂ. ಒಂದು ಹಿಡಿ ಕಾಫಿಪುಡಿಗಿಂತ ಜಾಸ್ತಿ.

ವಾಪಸ್ ಜೋಡಿಸುವುದು ಬೇಗ ಆಯಿತು. ಹೊಸ ಪ್ಯಾಕಿಂಗ್, ಮೂರೂ ಬೋಲ್ಟು ಮೊದಲು ಕೈಯಲ್ಲೇ, ಆಮೇಲೆ ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪ ಬಿಗಿ. ಅಲ್ಯೂಮಿನಿಯಂ, ಥ್ರೆಡ್ ಬೇಗ ಹೋಗುತ್ತದೆ. ಬ್ಯಾಟರಿ ಹಾಕಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಒಂದು ನಿಮಿಷ ಬಿಟ್ಟೆ. ಬಾನೆಟ್ ಒಳಗಿನಿಂದ 'ಝೀಂ' ಅಂತ ಸಣ್ಣ ಸದ್ದು. ವಾಲ್ವ್ ತಾನೇ ಒಂದು ಸಲ ತೆರೆದು ಮುಚ್ಚಿ ನೋಡಿಕೊಳ್ಳುವುದು. ಕೆಲವು ಕಾರಿಗೆ ಇದನ್ನು ಸ್ಕ್ಯಾನರ್ ಹಾಕಿಯೇ ಕಲಿಸಬೇಕಾಗುತ್ತದೆ.

ಸ್ಟಾರ್ಟ್ ಮಾಡಿದೆ. ಒಂದು ನಿಮಿಷ ದಟ್ಟ ಹೊಗೆ, ಆಮೇಲೆ ಶುದ್ಧ. ಸ್ಟೀರಿಂಗ್ ನಡುಗಲಿಲ್ಲ. ಆದರೆ ರೇಸ್ ಮಾಡಿದಾಗ ಎಲ್ಲೋ 'ಸುಯ್ಯ್' ಅಂತ ಕೇಳಿತು. ನಾನು ಮೂರು ಸಲ ಬಗ್ಗಿ ನೋಡಿದರೂ ಎಲ್ಲಿಂದ ಅಂತ ಗೊತ್ತಾಗಲಿಲ್ಲ. ಎಂಜಿನ್ ಸದ್ದಿನಲ್ಲಿ ಎಲ್ಲ ಕಡೆಯಿಂದಲೂ ಬಂದ ಹಾಗೆ ಕೇಳುತ್ತದೆ. ಅಪ್ಪ ಹಿತ್ತಲಿಗೆ ಹೋಗಿ ಪರಂಗಿ ಎಲೆ ಒಂದನ್ನು ಕಿತ್ತರು. ಎಲೆ ಎಸೆದು, ಒಳಗೆ ಟೊಳ್ಳಿರುವ ಆ ಉದ್ದ ದಂಟಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಬೆಲ್ಟು, ಫ್ಯಾನಿಂದ ದೂರ ಹಿಡಿದು ಪೈಪುಗಳ ಮೇಲೆ ಮೆಲ್ಲಗೆ ಓಡಿಸಿದರು. ಡಾಕ್ಟರು ಬೆನ್ನು ನೋಡುವ ಹಾಗೆ. ಟರ್ಬೋದಿಂದ ಬರುವ ಪೈಪಿನ ಹತ್ತಿರ ನಿಂತರು. "ಇಲ್ಲಿ." ನಾನು ಆ ಕ್ಲಾಂಪನ್ನು ಅರ್ಧ ಬಿಗಿದು, ಯಾವುದೋ ಫೋಟೋ ನೋಡಲು ಹೋಗಿ ಮರೆತಿದ್ದೆ.

"ತೋಟದಲ್ಲಿ ಸ್ಟೆತಸ್ಕೋಪು ಎಲ್ಲಿಂದ ಬರುತ್ತೆ" ಅಂದರು.

ಕೋಡ್ ಅಳಿಸಿದೆ. ಆ ವಾರ ಭಾಯ್ ಗ್ಯಾರೇಜಿಗೆ ಹೋಗಿ ಅವರ ದೊಡ್ಡ ಸ್ಕ್ಯಾನರ್ ಹಾಕಿಸಿದೆ. ಕಂಪ್ಯೂಟರಿನಿಂದ ವಾಲ್ವನ್ನು ಇಷ್ಟು ತೆರೆ ಅಂತ ಹೇಳಿ, ನಿಜವಾಗಿ ಎಷ್ಟು ತೆರೆಯಿತು ಅಂತ ನೋಡಬಹುದು. ಶೇಕಡಾ 40 ಅಂದರೆ 39, 80 ಅಂದರೆ 79, ಸೊನ್ನೆ ಅಂದರೆ ಸೊನ್ನೆ. ಕ್ಲೀನ್ ಮಾಡಿದರೆ ಸಾಕೋ, ಹೊಸದು ಬೇಕೋ ಅಂತ ತೀರ್ಮಾನ ಮಾಡುವ ಜಾಗ ಇದು. ಹಾಸನದ ಭಾವ ನನ್ನ ಕಥೆ ಕೇಳಿ ತಾವೂ ಬಿಚ್ಚಿ ಫಳಫಳ ಅನ್ನಿಸಿದರು, ಎರಡು ವಾರಕ್ಕೆ ದೀಪ ವಾಪಸ್ ಬಂತು. ಟೆಸ್ಟ್ ಮಾಡಿದರೆ ಅವರದು 60 ಅಂದರೆ 22ಕ್ಕೇ ನಿಲ್ಲುತ್ತಿತ್ತು. ಒಳಗಿನ ಗೇರಿನ ಎರಡು ಹಲ್ಲು ಸವೆದಿತ್ತು. ಅದಕ್ಕೆ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ. ಗುಜರಿಯಿಂದ ಹಳೇ ವಾಲ್ವ್ ತಂದು ಹಾಕಿ, ಅದೂ ಒಂದು ತಿಂಗಳಿಗೆ ಕೈಕೊಟ್ಟು, ಕೊನೆಗೆ ಹೊಸದೇ ಹಾಕಿಸಿದರು. ಹಾಗಾಗಿ ಸರ್ವಿಸ್ ಸೆಂಟರ್ ಹುಡುಗ ಹೇಳಿದ್ದು ಯಾವಾಗಲೂ ತಪ್ಪು ಅಂತ ನಾನು ಹೇಳೋಲ್ಲ. ನೋಡದೆ ಹೇಳಿದ್ದು ತಪ್ಪು.

ಎಲ್ಲ ಆದ ಮೇಲೆ, ಊಟಕ್ಕೆ ಕೂತಾಗ, ಅಪ್ಪ ಬಾಯಿ ಬಿಟ್ಟರು.

"ನೀನು ಗಾಡಿ ಓಡಿಸಲ್ಲ ಪುಟ್ಟಿ. ನೂಕ್ತೀಯ."

ನಾನು ಡೀಸೆಲ್ ಉಳಿಸುವವಳು. 35ರ ವೇಗಕ್ಕೆ ನಾಲ್ಕನೇ ಗೇರು, ಎಂಜಿನ್ ಗೊರಗೊರ ಅನ್ನುತ್ತಿದ್ದರೂ ಕೆಳಗಿಳಿಸುವುದಿಲ್ಲ. ಹಿರೇಮಗಳೂರು ಕಡೆಯ ಮನೆಯಿಂದ ಕೆಲಸಕ್ಕೆ ಮೂರೂವರೆ ಕಿಲೋಮೀಟರ್, ಮಧ್ಯಾಹ್ನ ಊಟಕ್ಕೆ ಬಂದು ಹೋಗುವುದೂ ಸೇರಿ ದಿನಕ್ಕೆ ನಾಲ್ಕು ಸಲ. ಜನವರಿಯ ಬೆಳಗ್ಗೆ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುವ ಮೊದಲೇ ನಾನು ಕ್ಯೂರಿಂಗ್ ಗೇಟಿನಲ್ಲಿರುತ್ತೇನೆ. ಎಂಜಿನ್ ಕಾಯುವುದಿಲ್ಲ, ಹೊಗೆ ಕಾಯುವುದಿಲ್ಲ, ಭಾರ ಇಲ್ಲದ್ದರಿಂದ ವಾಲ್ವ್ ಹೆಚ್ಚು ಹೊತ್ತು ತೆರೆದೇ ಇರುತ್ತದೆ. ಒದ್ದೆ ಸೌದೆಯ ಒಲೆಗೆ ಊದದೇ ಬಿಟ್ಟ ಹಾಗೆ. 58 ಗ್ರಾಂ ಮಸಿಯನ್ನು ನಾನೇ ದಿನಕ್ಕೆ ಒಂದಿಷ್ಟು ಅಂತ ಜಮಾ ಮಾಡಿದ್ದು. ಉಳಿಸಿದ ಡೀಸೆಲ್ ಎಷ್ಟು ಅಂತ ಆ ಪುಸ್ತಕದಲ್ಲಿ ಲೆಕ್ಕ ಹಾಕೋಕೆ ಹೊರಟೆ, ಅರ್ಧಕ್ಕೇ ಮುಚ್ಚಿಟ್ಟೆ.

ಅಪ್ಪ ಬರೆದುಕೊಟ್ಟ ಔಷಧಿ ಇದು. ಎರಡು ವಾರಕ್ಕೊಂದು ಭಾನುವಾರ ಕಡೂರು ರಸ್ತೆ. ಎಂಜಿನ್ ಕಾದ ಮೇಲೆ, ರಸ್ತೆ ಖಾಲಿ ಇದ್ದ ಕಡೆ, ಮೂರನೇ ಗೇರಿನಲ್ಲಿ 60ರ ಆಸುಪಾಸು, ಎಂಜಿನ್ ಸುತ್ತಿನ (ಆರ್‌ಪಿಎಂ) ಮುಳ್ಳು ಎರಡೂವರೆ ಸಾವಿರದ ಮೇಲೆ, ಒಂದು ಇಪ್ಪತ್ತು ನಿಮಿಷ. ಇದರಿಂದ ಆಗಲೇ ಕಲ್ಲಾದ ಮಸಿ ಕರಗುತ್ತದೆ ಅಂತ ನಂಬಬೇಡಿ, ಅದಕ್ಕೆ ಬಿದಿರು ಚಕ್ಕೆಯೇ ಬೇಕು. ಹೊಸದು ಕಟ್ಟುವುದು ನಿಧಾನ ಆಗುತ್ತದೆ, ಅಷ್ಟೆ. 2020ರ ಏಪ್ರಿಲ್ ಆದ ಮೇಲೆ ಬಂದ ಬಿಎಸ್ 6 ಡೀಸೆಲ್ ಇಟ್ಟುಕೊಂಡವರಿಗೆ ಇದು ಇನ್ನೂ ಮುಖ್ಯ. ಅದರ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಒಂದು ಸೇರಿಕೊಂಡಿದೆ, ಅದು ತನ್ನ ಮಸಿ ತಾನು ಸುಟ್ಟುಕೊಳ್ಳೋಕೆ ಒಳ್ಳೇ ಬಿಸಿ ಬೇಕು.

ಈಗ ಆ ಭಾನುವಾರ ಅಪ್ಪ ಏಳೂವರೆಗೇ ಇಸ್ತ್ರಿ ಅಂಗಿ ಹಾಕಿಕೊಂಡು ಕಾರಿನ ಪಕ್ಕ ನಿಂತಿರುತ್ತಾರೆ. ಸಖರಾಯಪಟ್ಟಣ ದಾಟಿದರೆ ಕಾಫಿ ತೋಟದ ನೆರಳೆಲ್ಲ ಮುಗಿದು ತೆಂಗು, ರಾಗಿ ಹೊಲ, ನೆಟ್ಟಗಿನ ರಸ್ತೆ. ಮೊನ್ನೆ ಅಲ್ಲಿಗೆ ಬರುವ ಹೊತ್ತಿಗೆ ಅವರು ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಅಂದುಕೊಂಡೆ. ಎಂಜಿನ್ ಸದ್ದು ಸ್ವಲ್ಪ ತಗ್ಗಿತು.

"ನಾಲ್ಕಕ್ಕೆ ಹಾಕಿದ್ಯಾ?" ಅಂದರು, ಕಣ್ಣು ತೆಗೆಯದೆ.

ಹಾಕಿದ್ದೆ. ಮತ್ತೆ ಮೂರಕ್ಕೆ ಇಳಿಸಿದೆ.